ಬೇಡಿಕೆ ಪುಸ್ತಕ

ಇಡೀ ಊರೇ ಪುಸ್ತಕಕ್ಕೆ ಕಾದು ಕೂತಿದೆ ಅಂತ ಎಲ್ಲರೂ ನಂಬಿದಾರೆ, ಮೇಡಂ. ಅದಕ್ಕೇ ಹೊಸ ಲೈಬ್ರರಿ ಫೈಲು ನಿಮ್ಮ ಟೇಬಲ್ ತನಕ ಬಂತು. ಇಲ್ಲದಿದ್ರೆ ಅದಕ್ಕೆ ಕೇಳಿರೋ ಖಾಲಿ ಜಾಗದಲ್ಲಿ ಇಷ್ಟೊತ್ತಿಗೆ ಕಾರು ನಿಲ್ಲಿಸ್ತಿದ್ರು... ಕೂತ್ಕೊಳ್ಳಿ. ಅದು ಬೇಡ, ಅದರ ಒಂದು ಕಾಲು ಮೋಟು. ಒಳ್ಳೆ ಕುರ್ಚಿ ಬೇಕು ಅಂತ ಮೂವತ್ತೊಂದು ವರ್ಷದಿಂದ ಬರೀತಿದೀನಿ. ನಗಬೇಡಿ. ಒಂದ್ಸಲ ಉತ್ತರ ಬಂದಿತ್ತು, ಪರಿಶೀಲನೆಯಲ್ಲಿದೆ ಅಂತ.

ನಾಳೆ ಪುರಸಭೆ ಮೀಟಿಂಗು, ಇವತ್ತು ತಪಾಸಣೆ. ಇರಲಿ, ನಿಮ್ಮ ಕೆಲಸ. ತಗೊಳ್ಳಿ, ಇದೇ ಬೇಡಿಕೆ ಪುಸ್ತಕ. ಕೇಳಿದ್ದು ಕಪಾಟಲ್ಲಿ ಸಿಗದಿದ್ರೆ ಓದುಗರು ಇದರಲ್ಲಿ ಬರೆದು ಹೋಗ್ತಾರೆ. ಮೂರು ವರ್ಷಕ್ಕೆ ಸಾವಿರದ ಚಿಲ್ಲರೆ. ಪುಸ್ತಕ ಇಲ್ಲ ಅಂತಲ್ಲ... ಇದೆ. ಹಿಂದಿನ ಗೋದಾಮಲ್ಲಿ, ಸೂರಿನ ತನಕ, ಕಟ್ಟು ಕಟ್ಟು. ಈ ಗೋಡೆ ಬಾಯಿ ಬಿಟ್ಟಾಗ ಅರ್ಧ ಕಪಾಟು ಖಾಲಿ ಮಾಡಿಸಿದ್ರಲ್ಲ, ಆಗಿಂದ. ಒಂದು ಕಟ್ಟು ಎಳೆದ್ರೆ ಹತ್ತು ತಲೆ ಮೇಲೆ. ನನ್ನ ಬೆನ್ನೂ ಪರಿಶೀಲನೆಯಲ್ಲಿದೆ.

ಓದಿ ನೋಡಿ. ಆಸ್ಪತ್ರೆ ನರ್ಸು, ಹಕ್ಕಿಗಳ ಬಗ್ಗೆ. ಬಸ್ಸಿನ ಡ್ರೈವರು, ನಕ್ಷತ್ರಗಳ ಬಗ್ಗೆ... ಯಾಕೆ ಹುಬ್ಬು ಏರಿಸ್ತೀರಿ? ಡ್ರೈವರು ಮೇಲೆ ನೋಡಬಾರದಾ? ಹೋದ ಸಭೆಯಲ್ಲಿ ಅಧ್ಯಕ್ಷರು ಇದನ್ನೇ ಗಟ್ಟಿಯಾಗಿ ಓದಿದ್ರು. ಪಾರ್ಕಿಂಗೇ ಬೇಕು ಅಂತ ಹಟ ಹಿಡಿದಿದ್ದ ಸದಸ್ಯರು ಕನ್ನಡಕ ತೆಗೆದು ಒರೆಸಿಕೊಂಡ್ರಂತೆ. ಕನ್ನಡಕ ಗಲೀಜಾಗಿತ್ತೋ ಏನೋ.

ಇವರೆಲ್ಲ ಇರಲಿ, ಟೈಲರಮ್ಮನ ಕತೆ ಕೇಳಿ. ಎದುರು ಸಾಲಲ್ಲೇ ಅಂಗಡಿ. ಕುತ್ತಿಗೆಗೆ ಟೇಪು ನೇತಾಡಿಸ್ಕೊಂಡೇ ಬರೋರು. ಜೇನು ಸಾಕೋ ಪುಸ್ತಕ ಬೇಕಿತ್ತು. ನಿಮಗ್ಯಾಕಮ್ಮ ಅದು, ಅಂದೆ. ಅಂಗಡಿ ಸೂರಲ್ಲಿ ಗೂಡು ಕಟ್ಟಿವೆ, ಓಡಿಸು ಅಂತ ಮಾಲೀಕ ಬೈತಾನೆ, ಕೊಲ್ಲದೆ ಇನ್ನೆಲ್ಲಾದ್ರೂ ಇಡೋಕಾಗುತ್ತಾ ನೋಡ್ಬೇಕು ಅಂದ್ರು. ಮೂರು ಸಲ ಬಂದ್ರು. ಮೂರು ಸಲವೂ ಮುಂದಿನ ವಾರ ಅಂದೆ. ನಾಲ್ಕನೇ ವಾರ ನಾನೇ ಹೋದೆ. ಸೂರು ಕಪ್ಪಗಿತ್ತು. ಮಾಲೀಕ ಗೂಡಿಗೆ ಬೆಂಕಿ ಇಟ್ಟಿದ್ದನಂತೆ. ಆಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ.

ಪುಸ್ತಕ ಯಾವುದು ಅಂತ ನನಗೆ ಗೊತ್ತಿತ್ತು ಮೇಡಂ... ಅದೇ ಸಂಕಟ. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿರ್ತೀವಲ್ಲ, ಕಪಾಟಿನ ಸಂಖ್ಯೆ, ಅದೂ ಬಾಯಿಪಾಠ. ಪುಸ್ತಕದ ಹೆಸರು ಬರೆದ್ರೆ ಸಾಕು, ಕೈ ತಾನಾಗೇ ಪಕ್ಕದಲ್ಲಿ ಸಂಖ್ಯೆ ಹಾಕುತ್ತೆ. ಸಾಮಾನು ಚೀಟಿ ಬರೆಸುವಾಗ ನನ್ನ ಹೆಂಡತಿ ಆಡಿಕೊಳ್ತಾಳೆ, ಸಕ್ಕರೆ ಯಾವ ಕಪಾಟು ರೀ ಅಂತ. ಹೊರಗಿನವರಿಗೆ ಆ ಸಂಖ್ಯೆ ತಿಳಿಯೋ ಹಾಗೇ ಇಲ್ಲ, ಪುಸ್ತಕವೇ ಕಟ್ಟಿನೊಳಗೆ...

ಯಾಕೆ ನಿಲ್ಲಿಸಿದ್ರಿ? ತಿರುಗಿಸಿ, ಇನ್ನೂ ಇದೆ.

ಬೆರಳು ಅಲ್ಲೇ ಇಟ್ಟಿದೀರಲ್ಲ... ಹಾಂ, ಸಂಖ್ಯೆ. ನರ್ಸಿನ ಸಾಲಿನ ಪಕ್ಕ. ಅದು, ಹುಡುಕೋಕೆ ಅನುಕೂಲ ಆಗಲಿ ಅಂತ ಆಮೇಲೆ ನಾನು... ಹೌದು. ಸಾಲಿಗೂ ಸಂಖ್ಯೆಗೂ ಶಾಯಿ ಒಂದೇ. ಡ್ರೈವರದ್ದೂ ಹಾಗೇ ಇದೆ, ಗೊತ್ತು. ಮುಂದಿನ ಪುಟದಲ್ಲೂ.

ಬೈಯಿರಿ ಬೇಕಾದ್ರೆ.

ಯಾರು ಬರ್ತಾರೆ ಹೇಳಿ, ಮೂರು ಸಲ ಇಲ್ಲ ಅನ್ನಿಸ್ಕೊಂಡ ಮೇಲೆ? ಜನ ಬರಲ್ಲ, ಆದ್ದರಿಂದ ಲೈಬ್ರರಿ ಬೇಡ ಅಂತೀರಿ. ಲೈಬ್ರರಿ ಹೀಗಿದೆ, ಆದ್ದರಿಂದ ಜನ ಬರಲ್ಲ. ಇದನ್ನೂ ಬರೆದು ಕಳಿಸಿದ್ದೆ. ಹನ್ನೊಂದು ಸಲ... ಎಡಗೈಯಲ್ಲಿ ಬರೆಯೋದು ಕಲಿತೆ. ಬಣ್ಣ ಬಣ್ಣದ ಪೆನ್ನು ತಂದೆ. ಈ ಸಂಖ್ಯೆ ಬಿಡಬೇಕು ಅನ್ನೋದೊಂದು ನೆನಪಿಗೇ ಬರಲಿಲ್ಲ. ನನ್ನ ಕಣ್ಣಿಗೆ ಅದು ಕಾಣೋದೇ ಇಲ್ಲ, ನೋಡಿ.

ಮುಚ್ಚಬೇಡಿ. ಮೊದಲನೇ ಪುಟ ತೆಗೀರಿ. ಮೊದಲನೇ ಸಾಲು, ಜೇನಿನ ಪುಸ್ತಕ. ಅದರ ಪಕ್ಕ ಸಂಖ್ಯೆ ಇಲ್ಲ.

ಅದೊಂದು ಸಾಲು ಟೈಲರಮ್ಮ ಬರೆದದ್ದು.