ಎರಡು ಹತ್ತರ ಫೋನು

ಹೇಳಿಕೆ ಕೊಡುವವರು: ಪ್ರೇಮನಾಥ ಸಾಲಿಯಾನ್, ತಂದೆ ದೂಮಪ್ಪ, ವಯಸ್ಸು 41, ಉದ್ಯೋಗ ಮೋಟಾರ್ ಸೈಕಲ್ ಬಿಡಿಭಾಗಗಳ ಕಂಪನಿಯಲ್ಲಿ ಸೇಲ್ಸ್‌ಮನ್, ವಾಸ ಡೊಂಬಿವಲಿ ಪೂರ್ವ, ಮೂಲ ಊರು ಕಾರ್ಕಳ ತಾಲೂಕು. ನನಗೆ ಮರಾಠಿ ಮಾತಾಡಲು ಬರುತ್ತದೆ, ಬರೆದದ್ದನ್ನು ಓದಿ ಸಹಿ ಹಾಕುವಷ್ಟು ಬರುವುದಿಲ್ಲ. ಆದ್ದರಿಂದ ಅಕ್ಕಲಕೋಟೆ ಕಡೆಯವರಾದ, ಕನ್ನಡ ಬಲ್ಲ ಈ ಠಾಣೆಯ ಹವಾಲ್ದಾರರು ನಾನು ಹೇಳಿದಂತೆ ಕನ್ನಡದಲ್ಲಿ ಬರೆದುಕೊಂಡಿದ್ದಾರೆ.

ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 3-10-2011, ಸೋಮವಾರ ಮಧ್ಯಾಹ್ನ ನನ್ನ ಜತೆಗಾರ ಯಜ್ಞೇಶ್ವರ ಆಚಾರ್ಯರು, ವಯಸ್ಸು 53, ಕಲ್ಯಾಣದ ಷೋರೂಮಿನಲ್ಲಿದ್ದರು ಎಂದು ಮೊದಲು ಹೇಳಿದವನು ನಾನು. ಹೇಳಿದ್ದು 2 ಗಂಟೆ 10 ನಿಮಿಷಕ್ಕೆ. ಅದು ಸುಳ್ಳು. ಆಮೇಲೆ ಅದನ್ನು ಆಫೀಸಿನವರು, ಮನೆಯವರು, ಈ ಠಾಣೆಯವರು ಎಲ್ಲರೂ ನಂಬಿದರು.

ದಸರೆಗೆ ಮೊದಲಿನ ವಾರ ಥಾಣೆ ನಗರ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈಯ ಮೋಟಾರ್ ಸೈಕಲ್ ಷೋರೂಮುಗಳನ್ನೆಲ್ಲ ನಾವಿಬ್ಬರು ಮೂರು ದಿನದಲ್ಲಿ ಸುತ್ತುತ್ತೇವೆ. ಹಬ್ಬದ ದಿನ ಗಾಡಿ ಬಿಡಿಸಿಕೊಳ್ಳುವವರು ಬಹಳ. ನಾನು ಸೀಟ್ ಕವರ್ ಮಾರುವವನು, ಆಚಾರ್ಯರು ಕ್ರ್ಯಾಶ್ ಗಾರ್ಡ್ ಮತ್ತು ಕ್ಯಾರಿಯರ್. ಹೋದ ಷೋರೂಮಿನ ಲ್ಯಾಂಡ್‌ಲೈನಿನಿಂದ ಇಬ್ಬರೂ ಬೇರೆ ಬೇರೆಯಾಗಿ ಆಫೀಸಿಗೆ ಫೋನ್ ಮಾಡಬೇಕು. ಅಲ್ಲಿ ನಂಬರು ಕಾಣುತ್ತದೆ, ರಮಿತಾ ಎಂಬ ಹುಡುಗಿ ಹೆಸರು ಮತ್ತು ಹೊತ್ತು ಬರೆದುಕೊಳ್ಳುತ್ತಾಳೆ. ಫೋನ್ ಬಾರದಿದ್ದರೆ ಅರ್ಧ ದಿನದ ರಜೆ.

ನನ್ನ ಅಜ್ಜಿ ಕಥೆ ಹೇಳುವಾಗ ಹುಲಿಗೊಂದು ಸ್ವರ, ದನಕ್ಕೊಂದು ಸ್ವರ ಹಾಕುತ್ತಿದ್ದರು. ನನಗೂ ಆ ಅಭ್ಯಾಸ ಹತ್ತಿದೆ. ಇದು ಹೇಳಿಕೆಗೆ ಬೇಕಿಲ್ಲ ಎಂದು ಹವಾಲ್ದಾರರು ಹೇಳಿದರು. ಬೇಕು ಎಂದು ನಾನು ಬರೆಸಿದ್ದೇನೆ. ಆಚಾರ್ಯರ ಸ್ವರ, ಮಾತಿಗೆ ಮೊದಲು ಬರುವ ಅವರ ಕೆಮ್ಮು ನನಗೆ ಸಲೀಸು. ಈ ಮೊದಲು ನಾಲ್ಕು ಸಲ ತಮಾಷೆಗೆ ಅವರ ಬದಲು ನಾನೇ ಫೋನ್ ಮಾಡಿದ್ದೆ. ಅವರಿಗೆ ನನ್ನ ಸ್ವರ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನಗುತ್ತಿದ್ದರು.

ಅಂದು ಬೆಳಿಗ್ಗೆ 9.40ಕ್ಕೆ ಘೋಡಬಂದರ್ ರಸ್ತೆಯ ಷೋರೂಮಿನಲ್ಲಿ ಇಬ್ಬರೂ ಸೇರಿದೆವು. ಇಬ್ಬರೂ ಫೋನ್ ಮಾಡಿದೆವು. 10.50ಕ್ಕೆ ಎರಡು ಬೈಕಿನಲ್ಲಿ ಹೊರಟು 11.50ಕ್ಕೆ ಕಲ್ಯಾಣ ಮುಟ್ಟಿದೆವು. ಷೋರೂಮಿನ ಬಾಗಿಲಲ್ಲಿ ಆಚಾರ್ಯರು ಗಾಡಿಯಿಂದ ಇಳಿಯದೆ, ಟಿಟ್ವಾಳಾಕ್ಕೆ ಹೋಗಿ ಒಂದೂವರೆಗೆ ಬರುತ್ತೇನೆ, ಫೋನ್ ನೋಡಿಕೊ ಎಂದರು. ಟಿಟ್ವಾಳಾದಲ್ಲಿ ಅವರು ಬುಕ್ ಮಾಡಿದ ಫ್ಲಾಟಿಗೆ ಅಂದು ಅಡಿಗೆಕಟ್ಟೆ ಕೂರಿಸುವುದಿತ್ತು. ಅವರ ಹೆಂಡತಿ ಸುಗುಣಕ್ಕ ಗಿಡ್ಡ. ಬಿಲ್ಡರು ಎಲ್ಲ ಮನೆಗೂ ಒಂದೇ ಎತ್ತರ ಇಡುತ್ತಾನೆ, ಆಮೇಲೆ ಜೀವಮಾನವಿಡೀ ಇವಳು ಮಣೆ ಹಾಕಿ ನಿಂತು ಅಡಿಗೆ ಮಾಡಬೇಕು ಎಂದರು. ಜೇಬಿನಿಂದ ಒಂದು ನೂಲು ತೆಗೆದು ತೋರಿಸಿದರು. ಹೆಂಡತಿ ಪಾತ್ರೆ ತೊಳೆಯುವಾಗ ಹಿಂದಿನಿಂದ ಅಳತೆ ಹಿಡಿದು ಗಂಟು ಹಾಕಿದ್ದರು. ಡ್ಯೂಟಿ ಬಿಟ್ಟು ಹೋಗಬೇಡಿ ಎಂದಾಳು ಎಂದು ಹೆಂಡತಿಗೆ ಹೇಳಿರಲಿಲ್ಲ. ಅಕ್ಕನಿಗೆ ಹೇಳಿ ಬಿಡುತ್ತೇನೆ ಎಂದು ನಾನು ತಮಾಷೆ ಮಾಡಿದೆ. ಹೇಳು ಮಾರಾಯ, ನಿನ್ನ ಊಟವೂ ನಿಂತೀತು ಎಂದು ಹೊರಟರು. ಅವರ ಮನೆಯ ಡಬ್ಬಿಯಲ್ಲಿ ನನಗೂ ಪಾಲಿತ್ತು.

ಟಿಟ್ವಾಳಾದ ಆ ಫ್ಲಾಟಿನ ಗಾರೆ ಕೆಲಸದವರು ಯಾದಗಿರಿ ಕಡೆಯ ಗುಂಡಣ್ಣ. ಸಾಹೇಬರು ನೂಲು ಹಿಡಿದು ಮೂರು ಇಂಚು ಇಳಿಸಲು ಹೇಳಿದರು, ಇಳಿಸಿದೆ, 12.50ಕ್ಕೆ ಹೊರಟರು ಎಂದು ಅವರು ಈ ಠಾಣೆಯಲ್ಲಿ ಹೇಳಿದ್ದಾರೆ.

ಒಂದೂವರೆಗೆ ಆಚಾರ್ಯರು ಬರಲಿಲ್ಲ. 1.50ಕ್ಕೆ ಅವರ ಮೊಬೈಲಿಗೆ ಮಾಡಿದೆ, ಎತ್ತಲಿಲ್ಲ. ಗಾಡಿ ಮೇಲಿರುವಾಗ ಅವರು ಎತ್ತುವವರಲ್ಲ. 2.05ಕ್ಕೆ ನನ್ನ ಹೆಸರಿನಲ್ಲಿ ಆಫೀಸಿಗೆ ಫೋನ್ ಮಾಡಿದೆ. 2.10ಕ್ಕೆ ಕೆಮ್ಮಿ, ಆಚಾರ್ಯ ಎಂದು ಮಾಡಿದೆ. ರಮಿತಾ ಊಟ ಆಯಿತೇ ಎಂದು ಕೇಳಿದಳು. ಆಯಿತು, ಪ್ರೇಮನಾಥ ನನ್ನ ಡಬ್ಬಿಯ ಅರ್ಧ ತಿಂದ ಎಂದೆ. ಅವಳು ನಕ್ಕಳು.

ಆಚಾರ್ಯರು ದಿನಾ ಒಂದು ಗಂಟೆಗೆ ಮನೆಗೆ ಫೋನ್ ಮಾಡುತ್ತಿದ್ದರು. ಅಂದು ಬಾರದ್ದರಿಂದ ಸುಗುಣಕ್ಕ 1.15ರಿಂದ 2.20ರ ತನಕ ಹನ್ನೊಂದು ಸಲ ಅವರ ಮೊಬೈಲಿಗೆ ಮಾಡಿದ್ದಾರೆ. 2.25ಕ್ಕೆ ಆಫೀಸಿಗೆ ಮಾಡಿದ್ದಾರೆ. ಈಗ ತಾನೇ ಕಲ್ಯಾಣದಿಂದ ಮಾತಾಡಿದರು, ಊಟವೂ ಆಗಿದೆ, ಚಿಂತೆ ಬೇಡ ಎಂದು ರಮಿತಾ ಹೇಳಿದ್ದಾಳೆ. ಅವಳದ್ದೇನೂ ತಪ್ಪಿಲ್ಲ. ಆ ಮೇಲೆ ಆಚಾರ್ಯರ ಮೊಬೈಲಿಗೆ ಮನೆಯಿಂದ ಒಂದು ಕರೆಯೂ ಹೋಗಿಲ್ಲ.

ನೇರ ಬಂದಾರು ಎಂದುಕೊಂಡು ನಾನು ಡೊಂಬಿವಲಿ ಷೋರೂಮಿಗೆ ಹೋದೆ. ಅಲ್ಲಿಂದ 4.20ಕ್ಕೆ ಇನ್ನೊಮ್ಮೆ ಅವರ ಸ್ವರದಲ್ಲಿ ಫೋನ್ ಮಾಡಿದೆ. ಆಗ ನನಗೆ ಅವರ ಮೇಲೆ ಸ್ವಲ್ಪ ಸಿಟ್ಟು ಬಂದಿತ್ತು. ಆದ್ದರಿಂದ ಕೆಮ್ಮನ್ನು ಜಾಸ್ತಿ ಮಾಡಿದೆ.

4.40ಕ್ಕೆ ಹುಲ್ಲು ಕೊಯ್ಯುವ ಹೆಂಗಸೊಬ್ಬಳು ಟಿಟ್ವಾಳಾ–ಕಲ್ಯಾಣ ರಸ್ತೆಯ ಪಕ್ಕದ ಹಳ್ಳದಲ್ಲಿ ಆಚಾರ್ಯರನ್ನೂ ಬೈಕನ್ನೂ ಕಂಡಳು. ಆಗ ಅವರಿಗೆ ಜೀವ ಇರಲಿಲ್ಲ. ಹಳ್ಳ ರಸ್ತೆಯಿಂದ ಒಂಬತ್ತು ಅಡಿ ಕೆಳಗೆ, ಹುಲ್ಲು ಆಳೆತ್ತರ. ನಾನು ನಿಂತಿದ್ದ ಕಲ್ಯಾಣ ಷೋರೂಮಿಗೆ ಅಲ್ಲಿಂದ ಏಳು ಕಿಲೋಮೀಟರು, ಹದಿನೈದು ನಿಮಿಷದ ದಾರಿ. ಅವರ ಚೀಲದಲ್ಲಿದ್ದ ಊಟದ ಡಬ್ಬಿ ತೆರೆದಿರಲಿಲ್ಲ.

4.20ಕ್ಕೆ ಡೊಂಬಿವಲಿಯಲ್ಲಿದ್ದವರು 4.40ರೊಳಗೆ ಅಲ್ಲಿ ಬಿದ್ದಿರಬೇಕಾದರೆ ವಿಪರೀತ ವೇಗದಲ್ಲಿ ಹೋಗಿರಬೇಕು ಎಂದು ಆಫೀಸಿನ ಫೋನಿನ ಪುಸ್ತಕ ನೋಡಿ ಠಾಣೆಯಲ್ಲಿ ಬರೆದುಕೊಳ್ಳಲಾಯಿತು. ಶವ ಸುಡುವಲ್ಲಿ ಜನ ಅದನ್ನೇ ಮಾತಾಡಿದರು, ಕುಡಿದಿದ್ದರೋ ಎಂದೂ ಒಬ್ಬರು ಕೇಳಿದರು. ಆಚಾರ್ಯರು ಕುಡಿಯುವವರಲ್ಲ, ನಲವತ್ತು ಕಿಲೋಮೀಟರು ವೇಗದ ಮೇಲೆ ಗಾಡಿ ಓಡಿಸಿದವರೂ ಅಲ್ಲ. ತಕ್ಷಣ ಜೀವ ಹೋಗಿರಬೇಕು, ನರಳಲಿಲ್ಲ, ಅದೊಂದು ಪುಣ್ಯ ಎಂದು ಸುಗುಣಕ್ಕನಿಗೆ ಎಲ್ಲರೂ ಸಮಾಧಾನ ಹೇಳಿದರು. ನಾನೂ ಹೇಳಿದೆ. ಐದು ದಿನ ಹೀಗೇ ಇದ್ದೆ.

8ನೇ ತಾರೀಕು ಹವಾಲ್ದಾರರು ಆಫೀಸಿಗೆ ಬಂದು, ಗುಂಡಣ್ಣನ ಹೇಳಿಕೆಗೂ ಫೋನಿನ ಪುಸ್ತಕಕ್ಕೂ ತಾಳೆಯಾಗುವುದಿಲ್ಲ ಎಂದರು. ಕಾಲು ಮುರಿದು ರಕ್ತ ಹೋಗಿ, ಬಿದ್ದ ಮೇಲೆ ಎರಡರಿಂದ ಮೂರು ಗಂಟೆ ಜೀವವಿತ್ತು ಎಂದು ಡಾಕ್ಟರು ಬರೆದಿರುವುದನ್ನೂ ಹೇಳಿದರು. ನನ್ನನ್ನು ಸೋಮವಾರ ಠಾಣೆಗೆ ಬರಹೇಳಿದರು. ಮೊದಲು ಮನೆಯವರಿಗೆ ಹೇಳಬೇಕೆಂದು ಅದೇ ಸಂಜೆ 6.30ಕ್ಕೆ ಹೋದೆ. ಸುಗುಣಕ್ಕ, ಮಗಳು ತೃಪ್ತಿ, ಆಚಾರ್ಯರ ತಮ್ಮ ವಸಂತ್ ಇದ್ದರು. ನೂಲಿನಿಂದ ಹಿಡಿದು ಎಲ್ಲ ಹೇಳಿದೆ. ಯಾರ ಸ್ವರವನ್ನೂ ಹಾಕಲಿಲ್ಲ.

ತೃಪ್ತಿ ನನಗೆ ಹಿಂದಿಯಲ್ಲಿ, ಅಂಕಲ್, ಎರಡನೇ ಸಲವೂ ನಿಮಗೆ ಏನೂ ಅನಿಸಲಿಲ್ಲವೇ ಎಂದು ಕೇಳಿದಳು. ವಸಂತ್ ಎದ್ದು ನನ್ನ ಅಂಗಿ ಹಿಡಿದರು. ಸುಗುಣಕ್ಕ ಬಿಡಿಸಿದರು. ಆಮೇಲೆ ಅವರು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಸುತ್ತೇನೆ.

“ಪ್ರೇಮಣ್ಣ, ನಾನು ಎರಡೂ ಇಪ್ಪತ್ತೈದಕ್ಕೆ ಫೋನ್ ಮಾಡುವುದು ಬಿಟ್ಟೆ. ಆಗ ಅವರಿಗೆ ಜೀವ ಇತ್ತಾ?”

“ಇತ್ತು ಅಕ್ಕ” ಎಂದೆ.

ಅವರು ಒಳಗೆ ಹೋದರು. ನಾನು ಬಾಗಿಲಲ್ಲಿ 9 ಗಂಟೆಯ ತನಕ ನಿಂತಿದ್ದೆ. ನಾಳೆ ನೀವು ಅಮ್ಮನಿಗೆ ಆ ಜಾಗ ತೋರಿಸಬೇಕಂತೆ ಎಂದು ತೃಪ್ತಿ ಬಂದು ಹೇಳಿದಳು.

ಮರುದಿನ ಬೆಳಿಗ್ಗೆ, 9-10-2011ರಂದು, ಮೂವರೂ ಟಿಟ್ವಾಳಾದ ಲೋಕಲ್ ರೈಲು ಹತ್ತಿದರು. ನಾನು ಪಕ್ಕದ ಬೋಗಿಯಲ್ಲಿದ್ದೆ. ಸ್ಟೇಷನ್ನಿನಿಂದ ರಿಕ್ಷಾದಲ್ಲಿ 11.20ಕ್ಕೆ ಹಳ್ಳದ ಹತ್ತಿರ ಇಳಿದೆವು. ಸುಗುಣಕ್ಕ ರಸ್ತೆಯ ಅಂಚಿನಲ್ಲಿ ಕುಳಿತರು, ಮಗಳೂ ಮೈದುನನೂ ಆಚೆ ಈಚೆ ಕುಳಿತರು. ನಾನು ರಸ್ತೆಯ ಇನ್ನೊಂದು ಬದಿಗೆ, ಇಪ್ಪತ್ತು ಅಡಿ ದೂರದಲ್ಲಿ ನಿಂತೆ. ಹೋಗು ಎಂದೂ ಬಾ ಎಂದೂ ಯಾರೂ ಹೇಳಲಿಲ್ಲ. ಅವರು ಅಲ್ಲಿಂದ ಎದ್ದದ್ದು 4.40ಕ್ಕೆ. ಅಷ್ಟರೊಳಗೆ ಆರು ರಿಕ್ಷಾದವರು, ಇಬ್ಬರು ಬೈಕಿನವರು, ಒಬ್ಬ ಹಾಲಿನವ ಗಾಡಿ ನಿಲ್ಲಿಸಿ, ಏನಾಯಿತು ತಾಯಿ, ಯಾರಿಗಾದರೂ ಪೆಟ್ಟಾಗಿದೆಯೇ, ಆಸ್ಪತ್ರೆಗೆ ಬಿಡಬೇಕೇ ಎಂದು ಮರಾಠಿಯಲ್ಲಿ ಕೇಳಿದರು. ಸುಗುಣಕ್ಕ ಒಬ್ಬೊಬ್ಬರಿಗೂ ಕೈಮುಗಿದು, ಬೇಡ ಎಂದರು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಇದರಲ್ಲಿರುವುದು ನಾನು ಕಂಡದ್ದು, ಮಾಡಿದ್ದು ಮತ್ತು ಕೇಳಿ ತಿಳಿದದ್ದು. ಇಷ್ಟೂ ನಿಜ, ನನ್ನದೇ ಸ್ವರದಲ್ಲಿ ಹೇಳಿದ್ದೇನೆ.

ಸ್ಥಳ: ಟಿಟ್ವಾಳಾ
ದಿನಾಂಕ: 10-10-2011, ಬೆಳಿಗ್ಗೆ 11.35

(ಸಹಿ) ಪ್ರೇಮನಾಥ ಸಾಲಿಯಾನ್