ಅರ್ಧಕ್ಕೆ ನಿಂತ ಚದುರಂಗ

ತೊಂಬತ್ತೆಂಟರಲ್ಲಿ ಕಂಪ್ಲಿ ಬಸ್ ನಿಲ್ದಾಣದಲ್ಲಿ ಕೇಳಿದ್ದು. ಹಳೆಯ ಕಂಪ್ಯೂಟರನ್ನು ಗೋಣಿಯಲ್ಲಿ ಸುತ್ತಿಟ್ಟುಕೊಂಡು ಅತ್ತಿಗೆ, ಮೈದುನ ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದರು.

“ಇದನ್ನ ಮಾರಿ ಹೊಸಾದು ತರಾಕಬೇಕೇನು, ಪಂಪಣ್ಣ?”

“ಹೂಂ ಅತ್ತಿಗಿ. ಇದರಾಗ ಮದುವಿ ಕಾರ್ಡ್ ಮಾಡಾಕ ಭಾಳ ಹೊತ್ತು ಹಿಡೀತದ.”

“ನಿಮ್ಮಣ್ಣ ಇದರಾಗ ಅರ್ಧಕ್ಕ ಬಿಟ್ಟುಹೋದ ಚದುರಂಗ?”

“ಕೊಂಡವರು ಅಳಸ್ತಾರ.”

“ಅಳಸ್ಲಿ ಬಿಡು. ನಿಮ್ಮಣ್ಣ ತೀರಿಕೊಂಡ ಮ್ಯಾಲ ಹೆಂಗೂ ನೀನ ಆಡಾಕತ್ತೀಯಲ್ಲ.”

“ನಾನೆಲ್ಲಿ ಆಡೀನಿ?”

“ದಿನಾ ಕಾಯಿ ಸರದಿರತಾವು. ನಿನ್ನೆ ಕುದುರಿ ಮುಂದ ಬಂದಿತ್ತು.”

“ನೀವು ಆಡ್ತೀರಿ ಅಂದ್ಕೊಂಡಿದ್ದೆ.”

“ನನಗ ಚದುರಂಗ ಎಲ್ಲಿ ಬರ್ತದಪ್ಪಾ?”

ಬಸ್ಸು ಬಂತು. ಇಬ್ಬರೂ ಏಳಲಿಲ್ಲ. ಅದು ಹೊರಟುಹೋದ ಮೇಲೆ ಆಕೆ ಗೋಣಿಯ ಒಂದು ತುದಿ ಹಿಡಿದಳು.

“ನಡಿ, ಮನಿಗೆ ಹೋಗೂಣು. ಅವರ ಆಟ ಮುಗೀಲಿ, ಆಮ್ಯಾಲ ಮಾರೂಣು.”

ಅವನು ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಅಲುಗಾಡದಂತೆ ಎತ್ತಿಕೊಂಡು, ಮೆಲ್ಲಗೆ ಹೋದರು.