ಮ್ಯೂಟಲ್ಲಿದ್ದ ನಲ್ಲಪ್ಪ ಮೇಷ್ಟ್ರು

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಮೀಸೆ ಬೋಳಿಸಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಹರಾಜಿಗಿಡಿ. ಒಳ್ಳೇ ರೇಟೇ ಸಿಗುತ್ತೆ, ಅದು ಬೇರೆ ಮಾತು. ಬರೀ ಕೆಮ್ಮಿ ಮೂರು ದೆವ್ವ ಓಡಿಸಿದೋನು ನಾನು. ಆದ್ರೆ ಇದು ನನಗಾದದ್ದಲ್ಲ... ನಮ್ಮ ಚಿಕ್ಕಪ್ಪನ ಮಗ ಮೋಹನ್‌ಬಾಬುಗೆ ಆದದ್ದು. ದಿಬ್ಬೂರಹಳ್ಳಿ ಕಡೆ ಒಂದು ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು. ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ನಮ್ಮ ವಂಶಕ್ಕೆ ಅದೊಂದು ಕಳಂಕ.

ಕೊರೊನಾ ಕಳೆದು ಸ್ಕೂಲು ಮತ್ತೆ ತೆಗೆದ ದಿನ ಅದು. ಬಸ್ಸಿಳಿದು ಕತ್ತಲಲ್ಲಿ ಊರಿಗೆ ನಡೀತಿದ್ದಾನೆ. ಕರೆಂಟಿಲ್ಲ. ಎಡಕ್ಕೆ ರೇಷ್ಮೆ ಸೊಪ್ಪಿನ ತೋಟ, ಬಲಕ್ಕೆ ಹಾಳು ಬಾವಿ, ಬಾವಿ ಮೇಲೆ ಬಾಗಿದ ಆಲದಮರ. ಅವನಿಗೆ ಭಯ ಇರಲಿಲ್ಲ. ಸಿಟ್ಟಿತ್ತು. ಜೊತೆ ಮೇಷ್ಟ್ರುಗಳ ಮೇಲೆ.

ಯಾಕೆ ಅಂದ್ರೆ... ಅಷ್ಟು ದಿನ ಅವರೆಲ್ಲ ಫೋನೊಳಗಿನ ಚೌಕಗಳಲ್ಲೇ ಒಬ್ಬರನ್ನೊಬ್ಬರು ನೋಡ್ತಿದ್ದದ್ದು. ಅಂಥದ್ದೊಂದು ಮೀಟಿಂಗಲ್ಲಿ ಡ್ರಿಲ್ ಮೇಷ್ಟ್ರು ನಲ್ಲಪ್ಪ ಏನೋ ಉದ್ದಕ್ಕೆ ಹೇಳಿದ್ರು. ಅವರು "ಸಾವಧಾನ್" ಅಂದ್ರೆ ಪಕ್ಕದೂರಿನ ಎಮ್ಮೆಗಳೂ ನೆಟ್ಟಗೆ ನಿಲ್ಲೋವು. ಅಂಥವರು ಅವತ್ತು ಮ್ಯೂಟಲ್ಲಿದ್ರು. ಬಾಯಾಡ್ತಿದೆ, ಶಬ್ದ ಇಲ್ಲ. ಕೊನೆಗೆ 'ಆಯ್ತಾ?' ಅನ್ನೋ ಹಾಗೆ ಹೆಬ್ಬೆರಳೆತ್ತಿದ್ರು. ಮೋಹನ್‌ಬಾಬು ಮರ್ಯಾದೆಗೆ ತಾನೂ ಎತ್ತಿದ. ಎಲ್ಲರೂ ಎತ್ತಿದ್ರು. ಅದೇ ವಾರ ನಲ್ಲಪ್ಪ ಆಸ್ಪತ್ರೆ ಸೇರಿದ್ರು. ವಾಪಸ್ ಬರಲಿಲ್ಲ. ಮಣ್ಣಿಗೂ ಯಾರನ್ನೂ ಬಿಡಲಿಲ್ಲ.

ಅವತ್ತಿಂದ ಇವನಿಗೆ ಒಂದೇ ಕೊರೆತ. ಸಾಯೋ ಮನುಷ್ಯನಿಗೆ ಹೂಂ ಅಂದುಬಿಟ್ಟೆ... ಯಾವುದಕ್ಕೆ?

ಸ್ಕೂಲು ತೆಗೆದ ದಿನ ಸ್ಟಾಫ್ ರೂಮಲ್ಲಿ ಅದನ್ನೇ ಕೇಳಿದ.

"ಮೇಡಂ, ಅವತ್ತು ನಲ್ಲಪ್ಪ ಸಾರ್ ಹೇಳಿದ್ದೇನು?"

"ಆಂ?" ಅಂದ್ರು ಹೆಡ್‌ಮಿಸ್ ಅಕ್ಕಯ್ಯಮ್ಮ, ಮಾಸ್ಕೊಳಗಿಂದ. ಇನ್ನೊಂದ್ಸಲ ಕೇಳಿದ. "ನನಗೇನು ಗೊತ್ತಪ್ಪ? ನೀವು ಬೆರಳೆತ್ತಿದ್ರಲ್ಲ, ನಿಮಗೆ ಕೇಳಿಸಿರಬೇಕು ಅಂತ ನಾನೂ ಎತ್ತಿದೆ."

"ನಾನು ನಿಮ್ಮಿಬ್ಬರನ್ನ ನೋಡಿ ಎತ್ತಿದೆ," ಅಂದ್ಲು ವಿಜ್ಞಾನದ ಸಂಘಮಿತ್ರ. "ಬಿಡಿ ಸಾರ್, ಈಗ್ಯಾಕೆ ಅದು."

ಅಷ್ಟೇ. ಟೀ ಬಂತು. ಮುಂಚೆ ಟೀ ಬಂದ್ರೆ ಮಾತಿಗೆ ಬ್ರೇಕಿರ್ತಿರಲಿಲ್ಲ. ಈಗ ಒಂದೊಂದು ಮೂಲೆ ಹಿಡಿದು, ಫೋನ್ ನೋಡ್ಕೊಂಡು ಕುಡಿದ್ರು. ಎದುರಿಗೇ ಕೂತಿದ್ರೂ ಚೌಕದಿಂದ ಯಾರೂ ಈಚೆ ಬಂದಿರಲಿಲ್ಲ.

ಅದೇ ಸಿಟ್ಟಲ್ಲಿ ಆ ಕತ್ತಲಲ್ಲಿ ನಡ್ಕೊಂಡು ಬಾವಿ ಹತ್ತಿರ ಬಂದ. ಕಟ್... ಕಟ್... ಕಟ್...

ಆ ಸದ್ದು ಅವನಿಗೆ ಗೊತ್ತು. ನಡೆಯುವಾಗ ನಲ್ಲಪ್ಪನವರ ಕೊರಳಲ್ಲಿ ವಿಷಲ್ ಒಳಗಿನ ಕಾಳು ಹಾಗೇ ಬಡೀತಿತ್ತು.

ತಿರುಗಿದ. ಬಿಳೀ ಟೀ ಶರ್ಟು, ಕ್ಯಾನ್ವಾಸ್ ಶೂ. ಪಕ್ಕದಲ್ಲೇ ನಡೀತಿದ್ದಾರೆ... ಹೆಜ್ಜೆ ಸದ್ದಿಲ್ಲ. ಬಾಯಾಡ್ತಿದೆ.

"ಏಮ್ ಸಾರ್?" ಪಿಸುಗುಟ್ಟಿದ. ಅವರಿಬ್ಬರದೂ ಯಾವಾಗಲೂ ತೆಲುಗೇ. "ವಿನಪಡಲೇದು ಸಾರ್... ಕೇಳಿಸ್ತಿಲ್ಲ."

ಬಾಯಿ ಇನ್ನೂ ಜೋರಾಗಿ ಆಡ್ತು. ಕತ್ತಿನ ನರ ಉಬ್ಬಿತು. ಶಬ್ದ ಇಲ್ಲ. ಇವನ ಭಯವೆಲ್ಲ ಇಳಿದು ಪಿತ್ತ ನೆತ್ತಿಗೇರಿತು. ಸತ್ತ ಮೇಲೂ ಇದೇ ಗೋಳಾ? ಅಭ್ಯಾಸಬಲ, ಬಾಯಿಂದ ಬಂದೇಬಿಡ್ತು.

"ಸಾರ್, ನೀವು ಮ್ಯೂಟಲ್ಲಿದೀರ."

ನಲ್ಲಪ್ಪ ನಿಂತ್ರು. ಎದೆ ಮೇಲೆ ಎಲ್ಲೋ ಬೆರಳಿಟ್ಟು ಒತ್ತಿದ್ರು. ಮತ್ತೆ ಒತ್ತಿದ್ರು. ಆಗಲಿಲ್ಲ. ಸೋತ ಮುಖದಲ್ಲಿ ಕೊರಳಿಂದ ವಿಷಲ್ ತೆಗೆದು ಮುಂದೆ ಹಿಡಿದು, ಹೆಬ್ಬೆರಳೆತ್ತಿದ್ರು.

ಈ ಸಲ ಇವನು ಎತ್ತಲಿಲ್ಲ. "ಏನು ಅಂತ ಮೊದಲು ಹೇಳಿ ಸಾರ್."

ನಲ್ಲಪ್ಪ ಸ್ಕೂಲಿನ ದಿಕ್ಕಿಗೆ ತಿರುಗಿದ್ರು. ಗಾಳೀಲಿ ಕೈಯಿಟ್ರು... ಸೊಂಟದೆತ್ತರ. ಪಕ್ಕಕ್ಕೆ ಸರಿದು, ಎದೆಯೆತ್ತರ. ಆಮೇಲೆ ಭುಜದೆತ್ತರ. ಒಂದೊಂದು ತಲೆಯನ್ನೂ ಮುಟ್ಟಿ ಸಾಲು ನಿಲ್ಲಿಸಿದ ಹಾಗೆ. ಆಮೇಲೆ ಇವನ ಮುಖ ನೋಡಿದ್ರು.

ಮೋಹನ್‌ಬಾಬು ನಿಧಾನಕ್ಕೆ ಹೆಬ್ಬೆರಳೆತ್ತಿದ.

ಬಾವಿಯೊಳಗೆ ದುಡುಮ್ ಅಂತು. ಕರೆಂಟು ಬಂತು. ದೂರದಲ್ಲಿ ನೂಲು ಬಿಚ್ಚೋ ಮಿಷನ್ನು ಗರ್ರ್... ಅಂತ ಶುರುವಾಯ್ತು. ಪಕ್ಕದಲ್ಲಿ ಯಾರೂ ಇಲ್ಲ. ಅವನ ಕೈಯಲ್ಲಿ ವಿಷಲ್.

ಮೂರು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡೋ ಆಸಾಮಿ, ಬೆಳಿಗ್ಗೆ ಮೈದಾನಕ್ಕಿಳಿದ. ಊದಿದ. ಬರೀ ಫುಸ್... ಅಂತ ಗಾಳಿ. ಅಲ್ಲಾಡಿಸಿ ನೋಡಿದ, ಒಳಗೆ ಕಾಳೇ ಇಲ್ಲ. ಬೇಜಾರಾಗಿ ತಲೆಯೆತ್ತಿದ್ರೆ... ಮೈದಾನದ ಆ ತುದೀಲಿ ಆಡ್ತಿದ್ದ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ. ಎತ್ತರದ ಪ್ರಕಾರ.

"ಯಾರಮ್ಮ ನಿಲ್ಲೋಕೆ ಹೇಳಿದ್ದು?"

"ನೀವೇ ವಿಷಲ್ ಹೊಡೆದ್ರಲ್ಲ ಸಾರ್," ಅಂದ್ಲು ಮುಂದಿದ್ದ ಹರಿತಾ.

ಇವತ್ತಿಗೂ ಡ್ರಿಲ್ ಪೀರಿಯಡ್ ಅವನದೇ. ಅದೇ ವಿಷಲ್. ನಾನೂ ಊದಿ ನೋಡಿದೀನಿ... ನಮ್ಮನೆ ನಾಯಿ ಕೂಡ ತಿರುಗಿ ನೋಡಲಿಲ್ಲ.

ಎಲ್ಲಾ ನಡೆದದ್ದೇ ಕಣ್ರಪ್ಪ. ಆಲದಮರ ಒಂದು ಬಿಟ್ಟು. ಅಲ್ಲಿರೋದು ಹೊಂಗೆ. ಹೊಂಗೆಮರ ಅಂದಿದ್ರೆ ನೀವು ಕೂತು ಕೇಳ್ತಿದ್ರಾ? ಬೇಕಾದ್ರೆ ನನ್ನ ಮೀಸೆ ಒಂದು ಕಡೆ ಮಾತ್ರ ಬೋಳಿಸಿ.